ಉಪಚಾರ ಕಲಿತ ಪಟ್ಟಿ

ಮಿಲೋಯೆ ಮಾವ ನಮ್ಮೂರಿನ ನೀರಿನ ಮೀಟರ್ ಓದುವವನು. ಮೊರಾವಾ ನದಿಯ ಮಂಜು ಬೀದಿಗೆ ಹತ್ತುವ ಬೆಳಗುಗಳಲ್ಲಿ ಮನೆಮನೆಗೆ ಹೋಗಿ, ಕಾಫಿ ಕುಡಿದು, ಮೀಟರ್ ನೋಡುವುದನ್ನು ಮರೆತು ಬರುತ್ತಾನೆ. ಮಿಕ್ಕ ಹೊತ್ತೆಲ್ಲ ಅಗ್ನಿಶಾಮಕ ದಳದ ಕೊಠಡಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಯಾರೂ ಕೇಳದ ತಂತ್ರಾಂಶ ಬರೆಯುತ್ತಾನೆ.

ಆ ಮೂಲೆಯ ಮೇಲೆ ಪಕ್ಕದ ಮನೆಯ ಸ್ಟೊಯಾಂಕಾ ಅತ್ತೆಯ ಕಣ್ಣು. ದಳದ ವಾರ್ಷಿಕ ಊಟದ ಅಡುಗೆ ಅವಳದೇ. ಹೋದ ವರ್ಷ ಅಂದಾಜಿನ ಮೇಲೆ ಮಾಡಿದ ಬೀನ್ಸ್ ಕಾಳಿನ ಸಾರು ಎಷ್ಟು ಉಳಿದಿತ್ತೆಂದರೆ, ಕೊನೆಗೆ ಬೀದಿನಾಯಿಗಳೂ ಅವಳನ್ನು ಕಂಡು ದಾರಿ ಬದಲಿಸಿದವು.

"ಆ ಡಬ್ಬಾ ತೆಗಿ. ಅಲ್ಲೊಂದು ಫ್ರೀಜರ್ ಇಡ್ತೀನಿ."

"ಎಷ್ಟು ಜನ ಬರ್ತಾರೆ ಅಂತ ಈ ಡಬ್ಬಾನೇ ಮೊದಲೇ ಹೇಳಿದ್ರೆ, ಅಕ್ಕ?"

"ಸರಿಯಾಗಿ ಹೇಳಿದ್ರೆ ಉಳ್ಕೊಳ್ಳುತ್ತೆ. ತಪ್ಪಿದ್ರೆ ಕಸಕ್ಕೆ, ನಿನ್ನ ಸಮೇತ."

ಮಾವ ಪಟ್ಟಿ ಕಟ್ಟತೊಡಗಿದ. ಮನೆಗೊಂದು ಸಾಲು. ಎಷ್ಟು ಮಂದಿ ಎಂದು ಅವರೇ ಬರೆಯಲು, ತಿದ್ದಲು ಒಂದು ಜಾಗ. ಪಕ್ಕದಲ್ಲಿ, ಬರುತ್ತೇವೆ ಎನ್ನುವವರು ಒತ್ತಲು ಖಾಲಿ ಚೌಕ. ಮೊದಮೊದಲು ಚೌಕದಲ್ಲಿ ಹಾಕಿದ ಟಿಕ್, ಪಟ್ಟಿಯನ್ನು ಕೆಳಗೆಳೆದು ಮೇಲೆ ಬರುವಷ್ಟರಲ್ಲಿ ಮಾಯವಾಗುತ್ತಿತ್ತು.

"ಟಿಕ್ ಬಿದ್ದಿದ್ದು ಪರದೆಗೆ ಗೊತ್ತು, ಹಿಂದಿರೋ ಲೆಕ್ಕಕ್ಕೆ ಯಾರೂ ಹೇಳಿಲ್ಲ ಕಣೇ," ಎಂದು ನನಗೆ ವಿವರಿಸಿದ. ಅದಕ್ಕೂ ಸುದ್ದಿ ಮುಟ್ಟುವಂತೆ ಮಾಡಿ, ಆ ಖುಷಿಗೆ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾವನ್ನು ಒಂದು ಗುಟುಕು ಕುಡಿದ.

ವಾರವಿಡೀ ಜನ ಬಂದರು, ಮೌಸ್ ಹಿಡಿದರು, ಹೋದರು. ಭಾನುವಾರ ನೋಡಿದರೆ ಒಂದು ಟಿಕ್ಕೂ ಇಲ್ಲ. ಎಷ್ಟು ಮಂದಿ ಎಂಬಲ್ಲಿ ರಾಡಿಸಾವ್ ತಾತ "ನಮ್ಮ ಚಿಂತೆ ಬೇಡ" ಎಂದು ಬರೆದಿದ್ದ. ಬೇಕರಿಯವಳು "ಸುಮ್ಮನೆ ನಿಮಗೆ ತೊಂದರೆ" ಎಂದಿದ್ದಳು. ಬಾಗಿಲಲ್ಲಿ ಅಡ್ಡ ತಿರುಗಿ ಒಳಬರುವ ಕಟುಕ ಬೋಗೊಸಾವ್ ಮಾತ್ರ "ನಾನು ಊಟ ಮಾಡುವುದೇ ಅಪರೂಪ" ಎಂದು ಬರೆದುಬಿಟ್ಟಿದ್ದ.

"ಯಾರೂ ಬರಲ್ಲ. ನಾಳೆನೇ ಫ್ರೀಜರ್," ಎಂದ ಅತ್ತೆ ಪರದೆಗೆ ಬಗ್ಗಿದಳು. "ಇದೇನೋ, ನಿನ್ನ ಸಾಲಲ್ಲೂ ಟಿಕ್ ಇಲ್ಲ?"

ಮಾವನ ಕಿವಿ ಕೆಂಪಾಯಿತು. "ಅದು ಹೇಗಕ್ಕ, ಇನ್ನೊಂದು ಸಲ ಕರೆಯೋಕೆ ಮುಂಚೆ ನಾನೇ ತಟ್ಟೆ ಹಿಡ್ಕೊಂಡು ನಿಂತ್ಕೊಳ್ಳೋದಾ?"

ಅಂದವನೇ ಏನೋ ಹೊಳೆದು ಕೀಲಿಮಣೆ ಎಳೆದುಕೊಂಡ. ನಮ್ಮೂರಲ್ಲಿ ಮೊದಲ ಕರೆಗೆ ಬೇಡ ಅನ್ನಬೇಕು. ಎರಡನೆಯದಕ್ಕೆ ಯಾಕೆ ತೊಂದರೆ ಅನ್ನಬೇಕು. ಮೂರನೆಯದಕ್ಕೆ ಕುರ್ಚಿ ಎಳೆದುಕೊಳ್ಳಬಹುದು. ಪಟ್ಟಿ ಒಂದೇ ಸಲ ಕೇಳಿ ಬಾಯಿ ಮುಚ್ಚಿಕೊಂಡಿತ್ತು.

ಮರುದಿನ ಹೊಸ ಪಟ್ಟಿಯ ಮುಂದೆ ರಾಡಿಸಾವ್ ತಾತನನ್ನು ಕೂರಿಸಿದೆವು. "ಊಟಕ್ಕೆ ಬನ್ನಿ" ಎಂಬ ಅಕ್ಷರ ಮೂಡಿತು. ತಾತ ಇಲ್ಲ ಎಂದು ಒತ್ತಿದ. "ನೀವೇ ಬರದಿದ್ರೆ ಹೇಗೆ?" ತಾತ ಇನ್ನೊಮ್ಮೆ ಇಲ್ಲ ಎಂದ, ಈ ಸಲ ಮೆಲ್ಲಗೆ. "ನೀವಿಲ್ದೆ ಸಾರು ಗಂಟಲಲ್ಲಿ ಇಳಿಯುತ್ತಾ? ಕೂತ್ಕೊಳ್ಳಿ ತಾತ!" ಉತ್ತರಕ್ಕೂ ಕಾಯದೆ ಚೌಕದೊಳಗೆ ಟಿಕ್ ತಾನಾಗಿ ಬಿತ್ತು.

ತಾತ ಟೋಪಿ ತೆಗೆದ. "ಆಯ್ತಪ್ಪ, ಇಷ್ಟು ಹೇಳ್ತಿದೀಯ," ಎಂದ ಕಂಪ್ಯೂಟರಿಗೆ. ಮಂದಿಯ ಜಾಗದಲ್ಲಿ ಐದು ಎಂದು ತಿದ್ದಿದ.

"ನಿಜವಾಗ್ಲೂ ಬರೋಕಾಗದೋರು ಏನು ಮಾಡ್ಬೇಕು ಮಾವ?" ಎಂದೆ.

"ಅಂಥೋರು ನಮ್ಮೂರಲ್ಲಿ ಯಾರೇ ಇದಾರೆ?"

ಯಾರೂ ಇರಲಿಲ್ಲ. ಊಟದ ದಿನ ಟಿಕ್ ಬಿದ್ದವರೆಲ್ಲ ಬಂದರು, ಅತ್ತೆಯ ಸಾರು ಕೊನೆಯ ಸೌಟಿನವರೆಗೆ ಸರಿಹೋಗುವಂತಿತ್ತು. ಆದರೆ ಬರಿಗೈಲಿ ಬರುವುದುಂಟೇ? ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಟ್ಟೆ: ಎಲೆಕೋಸಿನ ಸುರುಳಿ, ಚೀಸ್ ತುಂಬಿದ ರೊಟ್ಟಿ, ವಾಲ್‌ನಟ್ ಕೇಕು. ಅದಕ್ಕೆ ಪಟ್ಟಿಯಲ್ಲಿ ಮಾವ ಚೌಕ ಇಟ್ಟಿರಲಿಲ್ಲ.

ಪಟ್ಟಿ ನಿಜ ಹೇಳಿತ್ತು, ಕಂಪ್ಯೂಟರ್ ಉಳಿಯಿತು. ಉಳಿದ ತಿಂಡಿ ಹಾಳಾಗಬಾರದಲ್ಲ, ಫ್ರೀಜರೂ ಬಂತು. ಇದ್ದದ್ದು ಒಂದೇ ಮೂಲೆ. ಕೆಳಗೆ ಫ್ರೀಜರ್, ಅದರ ಮುಚ್ಚಳದ ಮೇಲೆ ಕಂಪ್ಯೂಟರ್. ಮಾವ ಈಗ ನಿಂತೇ ಬರೆಯುತ್ತಾನೆ.

"ಸ್ವಲ್ಪ ಎತ್ಕೊಳ್ಳೋ, ಸುರುಳಿ ತೆಗೀಬೇಕು," ಎಂದು ಅತ್ತೆ ಬಂದಾಗಲೆಲ್ಲ, ಕಂಪ್ಯೂಟರನ್ನು ಮಗುವಿನಂತೆ ಎದೆಗವಚಿಕೊಂಡು ಪಕ್ಕಕ್ಕೆ ನಿಲ್ಲುತ್ತಾನೆ.

"ನಿನಗೂ ಎರಡು ಹಾಕ್ಲಾ?"

"ಬೇಡಕ್ಕ," ಎನ್ನುತ್ತಾನೆ ಮಾವ, ಮೊದಲನೆಯ ಸಲ.