ಸಪೋರ್ಟ್‌ಗೆ ತುಂಬಿದ ಫಾರ್ಮುಗಳು

ಅಕ್ಕನ ಕ್ಲಿನಿಕ್ಕಿಗೆ ಜಾಹೀರಾತು ಹಾಕುವ ಕೆಲಸವನ್ನು ಯಾರೂ ನನ್ನ ಮೇಲೆ ಹೊರಿಸಲಿಲ್ಲ. ನಾನೇ ಮುಂದೆ ಬಿದ್ದು ತೆಗೆದುಕೊಂಡೆ. "ಬೇರೆಯವರಿಗೆ ಕೊಟ್ರೆ ಟೋಪಿ ಹಾಕ್ತಾರೆ ಅಕ್ಕ, ನಾನು ನೋಡ್ಕೋತೀನಿ ಬಿಡು" ಅಂದಿದ್ದೆ. ಅಂದ ಧಾಟಿಯೂ ನೆನಪಿದೆ. ಹತ್ತು ವರ್ಷ ಇದೇ ಕೆಲಸ ಮಾಡಿದವಳ ಜಂಬ ಅದರಲ್ಲಿತ್ತು.

ಅಕ್ಕ ಫಿಸಿಯೋಥೆರಪಿಸ್ಟ್. ಮಿಶಿಗನ್‌ಗೆ ಬಂದಾಗಿನಿಂದ ನರ್ಸಿಂಗ್ ಹೋಮುಗಳಲ್ಲಿ, ಅಂದರೆ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಗಳಲ್ಲಿ, ದುಡಿದವಳು. ಒಬ್ಬರಿಗೆ ಇಷ್ಟೇ ನಿಮಿಷ ಅಂತ ಗಡಿಯಾರ ನೋಡಿಕೊಂಡು ಕೈಕಾಲು ಆಡಿಸುವ ಕೆಲಸ. ಅದು ಸಾಕಾಗಿ ಕಳೆದ ಸೆಪ್ಟೆಂಬರಿನಲ್ಲಿ ವಿಕ್ಸಮ್‌ನಲ್ಲಿ ಒಂದು ಕೋಣೆ ಹಿಡಿದಳು. ಒಂದು ಪಕ್ಕದಲ್ಲಿ ಯಂತ್ರಗಳ ಬಿಡಿಭಾಗ ಮಾರುವವರು, ಇನ್ನೊಂದು ಪಕ್ಕದಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವವರು. ನಡುವೆ ಅಕ್ಕನ ಎರಡು ಮಂಚ, ಒಂದು ನಿಂತಲ್ಲೇ ತುಳಿಯುವ ಸೈಕಲ್, ಗೋಡೆಗೆ ಅವಳೇ ಬಳಿದ ತಿಳಿಹಸಿರು ಬಣ್ಣ. ಲೀಸ್ ಮಾರ್ಚ್ ಕೊನೆಯವರೆಗೆ. ಅಷ್ಟರೊಳಗೆ ತಪ್ಪದೆ ಬರುವವರು ಇಪ್ಪತ್ತು ಜನ ಆದರೆ ಕೋಣೆ ಉಳಿಸಿಕೊಳ್ಳುವುದು, ಆಗದಿದ್ದರೆ ವಾಪಸ್ ನರ್ಸಿಂಗ್ ಹೋಮಿಗೆ. ಭಾವನಿಗೂ ನನಗೂ ಹಾಗಂತ ಹೇಳಿಬಿಟ್ಟಿದ್ದಳು. ಅವಳು ಹೇಳಿದರೆ ಮುಗಿಯಿತು, ಆಮೇಲೆ ಚರ್ಚೆ ಇರುವುದಿಲ್ಲ.

ನನ್ನ ಕೆಲಸ ಏನು ಅಂತ ನೆಂಟರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದೆ. ಜನ ಫೋನಿನಲ್ಲಿ ಏನಾದರೂ ಹುಡುಕಿದಾಗ ಮೊದಲು ಕೆಲವು ಜಾಹೀರಾತು ಬರುತ್ತವಲ್ಲ, ಅದನ್ನು ಯಾರಾದರೂ ಒತ್ತಿದಾಗಲೆಲ್ಲ ಜಾಹೀರಾತು ಕೊಟ್ಟವರು ದುಡ್ಡು ತೆರಬೇಕು. ಹಾಗಾಗಿ ಸರಿಯಾದವರೇ ಒತ್ತುವಂತೆ ನೋಡಿಕೊಳ್ಳುವುದು ನನ್ನ ಪಾಲಿನದು. ಮೊದಲೆಲ್ಲ ಇದು ಅಕ್ಕಿ ಆರಿಸಿದ ಹಾಗಿತ್ತು. ಮಂಡಿನೋವಿಗೆ ಹತ್ತಿರದ ಕ್ಲಿನಿಕ್ ಅಂತ ಹುಡುಕಿದವರು ಬೇಕು, ಮಂಡಿನೋವಿಗೆ ಮನೆಮದ್ದು ಅಂತ ಹುಡುಕಿದವರು ಬೇಡ. ಒಂದೊಂದು ಪದವನ್ನೂ ನಾನೇ ನೋಡಿ, ಕಲ್ಲು ಕಂಡರೆ ಎತ್ತಿ ಹಾಕುತ್ತಿದ್ದೆ. ಈಗ ಅದನ್ನೆಲ್ಲ ಯಂತ್ರ ಮಾಡುತ್ತದೆ. ಜಾಹೀರಾತಿನ ಸಾಲನ್ನು ಅದೇ ಬರೆಯುತ್ತದೆ, ಯಾರಿಗೆ ತೋರಿಸಬೇಕು ಅಂತ ಅದೇ ತೀರ್ಮಾನಿಸುತ್ತದೆ. ನಾವು ಹೇಳಿಕೊಡುವುದು ಒಂದೇ ಮಾತು, ಇಂಥದ್ದು ಆದರೆ ಗೆದ್ದ ಹಾಗೆ ಅಂತ. ಅಕ್ಕನ ವಿಷಯದಲ್ಲಿ, ಹೆಸರು, ಫೋನ್ ನಂಬರು, ಎಲ್ಲಿ ನೋವು ಎಂಬುದನ್ನು ಬರೆದು ಯಾರಾದರೂ ಫಾರ್ಮ್ ತುಂಬಿದರೆ ಗೆದ್ದ ಹಾಗೆ. ತುಂಬಿದವರು ಎಂಥವರು ಅಂತ ನೋಡಿಕೊಂಡು ಯಂತ್ರ ಅಂಥವರನ್ನೇ ಇನ್ನಷ್ಟು ಹುಡುಕಿ ತರುತ್ತದೆ. ಇವರನ್ನೇ ಯಾಕೆ ತಂದೆ ಅಂತ ಕೇಳಿದರೆ ಉತ್ತರವಿಲ್ಲ. ಡೆಸ್ ಪ್ಲೇನ್ಸ್‌ನ ನಮ್ಮ ಆಫೀಸು ಏರ್‌ಪೋರ್ಟಿನ ಪಕ್ಕ, ಇಳಿಯುವ ವಿಮಾನಗಳು ತಲೆಯ ಮೇಲೇ ಹಾದುಹೋಗುತ್ತಿರುತ್ತವೆ, ಕೆಳಗೆ ನಾವು ಪರದೆ ನೋಡುತ್ತಾ ಕೂತಿರುತ್ತೇವೆ. ಕೆಲಸಕ್ಕೆ ಸ್ಪೆಷಲಿಸ್ಟ್ ಅನ್ನುವ ಹೆಸರು ಮಾತ್ರ ಹಾಗೇ ಉಳಿದಿದೆ.

ಹೊಸ ಜಾಹೀರಾತಿನ ಪಕ್ಕ ಕೆಲವು ದಿನ 'ಕಲಿಯುತ್ತಿದೆ' ಅಂತ ಬರೆದಿರುತ್ತದೆ. ಆಗ ಅದನ್ನು ಮುಟ್ಟಬಾರದು. ಮುಟ್ಟಿದರೆ ಕಲಿತದ್ದನ್ನು ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಇದನ್ನು ನಾನು ಗಿರಾಕಿಗಳಿಗೆ ಹೇಳದ ದಿನವಿಲ್ಲ. ಅಕ್ಕನ ಜಾಹೀರಾತು ಮೂರು ವಾರವಾದರೂ ಕಲಿಯುತ್ತಲೇ ಇತ್ತು. ಅಷ್ಟರಲ್ಲಿ ಬಂದದ್ದು ನಾಲ್ಕು ಫಾರ್ಮ್. ನಾಲ್ಕರಿಂದ ಅದು ಏನು ಕಲಿಯಬೇಕು? ಅಕ್ಕ ದಿನಾ ಸಂಜೆ ಫೋನ್ ಮಾಡಿ "ಏನಾದ್ರೂ ಬಂತೇನೇ?" ಅಂತ ಕೇಳುತ್ತಿದ್ದಳು. ಕೇಳುವಾಗ ದನಿಯಲ್ಲಿ ಆತುರ ತೋರಿಸದಿರಲು ಅವಳು ಪಡುವ ಕಷ್ಟ ನನಗೆ ಕೇಳಿಸುತ್ತಿತ್ತು, ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು.

ಆಗ ನಾನು ಒಂದು ಕೆಲಸ ಮಾಡಿದೆ. ಡೆಟ್ರಾಯಿಟ್ ಕಡೆಯ ಕನ್ನಡದವರ ಗ್ರೂಪೊಂದು ಫೋನಿನಲ್ಲಿದೆ. ಮದುವೆಗೆ ಮುಂಚೆ ನಾನು ಅಕ್ಕನ ಮನೆಯಲ್ಲಿದ್ದಾಗ ಸೇರಿಕೊಂಡದ್ದು, ಮದುವೆಯಾಗಿ ಬೇರೆ ರಾಜ್ಯದ ಡೌನರ್ಸ್ ಗ್ರೋವ್‌ಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅದರಲ್ಲಿ ಹಾಕಿದೆ: "ನಮ್ಮಕ್ಕ ಹೊಸ ಕ್ಲಿನಿಕ್ ಓಪನ್ ಮಾಡಿದ್ದಾಳೆ. ಎಲ್ಲರೂ ದಯವಿಟ್ಟು ಸರ್ಚ್ ಮಾಡಿ, ಆ್ಯಡ್ ಕ್ಲಿಕ್ ಮಾಡಿ, ಫಾರ್ಮ್ ತುಂಬಿ ಸಪೋರ್ಟ್ ಮಾಡಿ."

ನಮ್ಮವರಿಗೆ ಸಪೋರ್ಟ್ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು. ಯಾರದೋ ಮಗಳ ನೃತ್ಯವೆಂದರೆ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂರುವವರು. ಒಂದೇ ದಿನದಲ್ಲಿ ಕೈಮುಗಿದ ಚಿತ್ರಗಳು, ಫಾರ್ಮ್ ತುಂಬಿದ್ದಕ್ಕೆ ಸಾಕ್ಷಿಯಾಗಿ ಫೋಟೋಗಳು ಗ್ರೂಪಿಗೆ ಬಂದವು. ಗಂಡ ಒಂದು, ಹೆಂಡತಿ ಒಂದು, ಮಗನ ಫೋನಿನಿಂದ ಇನ್ನೊಂದು. ಎಲ್ಲಿ ನೋವು ಅನ್ನುವ ಜಾಗದಲ್ಲಿ ಕೆಲವರು 'ಆಲ್ ದ ಬೆಸ್ಟ್' ಅಂತ ಬರೆದರು. ಏನೂ ತೋಚದವರು ಬೆನ್ನು ಅಂತ ಬರೆದರು. ಮೂರನೇ ದಿನ 'ಕಲಿಯುತ್ತಿದೆ' ಅನ್ನುವುದು ಮಾಯವಾಯಿತು. ಫಾರ್ಮುಗಳ ಲೆಕ್ಕ ತೋರಿಸುವ ಗೆರೆ ಪರದೆಯಲ್ಲಿ ನೆಟ್ಟಗೆ ಮೇಲಕ್ಕೆ ಹೋಯಿತು. ನಾನು ಅದರ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾವು ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವುದು ಯಂತ್ರದ ಗುಣ. ಗೆಲುವು ಅಂದರೆ ಇಂಥವರು ಅಂತ ನಾನು ತೋರಿಸಿದೆ, ಅದು ಅಂಥವರನ್ನೇ ತಂದಿತು. ಗ್ರೂಪಿನಲ್ಲಿ ಇಲ್ಲದ ನಮ್ಮವರು ಬಂದರು, ಆಮೇಲೆ ಅವರಂಥ ಬೇರೆಯವರು ಬಂದರು. ಎಲ್ಲರೂ ಫಾರ್ಮ್ ತುಂಬುತ್ತಾರೆ, ಕ್ಲಿನಿಕ್ಕಿಗೆ ಬರುವುದಿಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವ ವಿಕ್ಸಮ್‌ನ ಮುದುಕನಿಗೆ ನಮ್ಮ ಜಾಹೀರಾತು ಕಾಣಿಸುವುದೇ ನಿಂತುಹೋಯಿತು.

ಜನವರಿಯ ಒಂದು ಶನಿವಾರ ಅಕ್ಕನಲ್ಲಿಗೆ ಹೋದೆ. ಐದು ಗಂಟೆ ಡ್ರೈವ್, ಅಲ್ಲದೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಪಕ್ಕದ ಗೋಡೆಯ ಆಚೆ ಯಾವುದೋ ನಾಯಿ ಸ್ನಾನ ಬೇಡವೆಂದು ಕೂಗಾಡುತ್ತಿತ್ತು. ಅಕ್ಕ ಫಾರ್ಮುಗಳನ್ನು ಪ್ರಿಂಟ್ ಮಾಡಿಟ್ಟುಕೊಂಡು ಒಬ್ಬೊಬ್ಬರಿಗೂ ತಾನೇ ಫೋನ್ ಮಾಡುತ್ತಿದ್ದಳು. ಎದುರಿನ ಮಂಚದ ಮೇಲೆ ಕೂತು ನಾನು ಕೇಳಿಸಿಕೊಂಡೆ.

"ಆಂಟಿ, ಬೆನ್ನು ನೋವು ಅಂತ ಹಾಕಿದ್ರಲ್ಲ, ಎಷ್ಟು ದಿನದಿಂದ ಇದೆ?"

ಸ್ಪೀಕರಿನಲ್ಲಿ ಆ ಕಡೆಯ ದನಿ ನಗುತ್ತಿತ್ತು. "ಅಯ್ಯೋ ನೋವೆಲ್ಲ ಏನಿಲ್ಲಮ್ಮ. ನಿನ್ ತಂಗಿ ಗ್ರೂಪಲ್ಲಿ ಹಾಕಿದ್ಲಲ್ಲ, ಸುಮ್ನೆ ಸಪೋರ್ಟ್‌ಗೆ ತುಂಬಿದ್ದು. ನಿಂಗೆ ಒಳ್ಳೇದಾಗ್ಲಿ."

"ಥ್ಯಾಂಕ್ಸ್ ಆಂಟಿ. ಈ ಕಡೆ ಬಂದಾಗ ಬನ್ನಿ, ಕಾಫಿ ಕುಡಿಯೋಣ."

ಗೀಟು ಎಳೆದು ಮುಂದಿನ ನಂಬರು ಒತ್ತುತ್ತಿದ್ದಳು. ಹನ್ನೊಂದು ಜನಕ್ಕೆ ಹೀಗೇ ಹೇಳಿದಳು. ಹನ್ನೊಂದು ಸಲವೂ ಮೊದಲ ಸಲದಷ್ಟೇ ಅಕ್ಕರೆಯಿಂದ. ಕೊನೆಗೆ ಪೆನ್ನು ಕೆಳಗಿಟ್ಟು, "ನಮ್ಮವರು ಎಷ್ಟು ಪ್ರೀತಿ ಮಾಡ್ತಾರೆ ನೋಡೇ" ಅಂದಳು. ಅದರಲ್ಲಿ ವ್ಯಂಗ್ಯ ಇತ್ತಾ ಅಂತ ಮುಖ ನೋಡಿದೆ. ಇರಲಿಲ್ಲ. ಆ ಪ್ರೀತಿಯನ್ನೇ ನಾನು ಯಂತ್ರದ ಬಾಯಿಗೆ ಹಾಕಿ ಕೆಲಸ ಕೆಡಿಸಿದ್ದೇನೆ ಅಂತ ಹೇಳುವ ಬದಲು ಫಾರ್ಮುಗಳನ್ನು ಜೋಡಿಸಿಟ್ಟೆ.

ವಾಪಸ್ ಬಂದವಳು ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಹಳೆಯ ಜಾಹೀರಾತು ನಿಲ್ಲಿಸಿ ಹೊಸದು ಹಾಕಿದೆ. ಹಿಂದಿನದನ್ನು ನೋಡಿಯೇ ಅದೂ ಕಲಿಯಿತು. ಹಳೆಯ ಕಾಲದ ಹಾಗೆ ನಾನೇ ಪದ ಆರಿಸಿ ಕೊಟ್ಟೆ. ಅಷ್ಟರಲ್ಲಿ ಇನ್ನೊಂದು ರೋಗ ಬಂದಿತ್ತು. ಈಗ ಯಾರಾದರೂ ಭುಜ ನೋವು ಅಂತ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಯಂತ್ರವೇ ಬರೆದ ಉತ್ತರ ಬರುತ್ತದೆ, ಹೀಗೆ ಕೈ ಎತ್ತಿ, ಹೀಗೆ ತಿರುಗಿಸಿ ಅಂತ. ಹುಡುಕಿದವರು ಅದನ್ನು ಓದಿ ಫೋನ್ ಕೆಳಗಿಡುತ್ತಾರೆ. ನಮ್ಮ ಜಾಹೀರಾತು ಕೆಳಗೆಲ್ಲೋ ಬಿದ್ದಿರುತ್ತದೆ. ಸರ್ಚ್ ಕಂಪನಿಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಫೋನ್ ಮಾಡಿ, ಇನ್ನಷ್ಟು ಯಂತ್ರಕ್ಕೇ ಬಿಟ್ಟುಬಿಡಿ, ಇನ್ನಷ್ಟು ಸಮಯ ಕೊಡಿ ಅಂತ ಬಹಳ ನಯವಾಗಿ ಹೇಳುತ್ತಿದ್ದಳು. ಇದೇ ಮಾತನ್ನು ಇದೇ ನಯದಲ್ಲಿ ನಾನು ಎಷ್ಟು ಜನಕ್ಕೆ ಹೇಳಿಲ್ಲ?

ಉಳಿದದ್ದು ಒಂದೇ ದಾರಿ. ಬಂದ ಫಾರ್ಮುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಪಟ್ಟಿ ಮಾಡಿ ಯಂತ್ರಕ್ಕೆ ಒಪ್ಪಿಸಬಹುದು. ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡೇ ಆ ಪಟ್ಟಿ ಮಾಡಿ ಮುಗಿಸಿದೆ. ಹೆಸರು ನೋಡಿದರೆ ನಮ್ಮವರೋ ಅಲ್ಲವೋ ಗೊತ್ತಾಗುತ್ತದೆ. ನಮ್ಮ ಹೆಸರು ಕಂಡ ಕಡೆಯೆಲ್ಲ 'ಸುಳ್ಳು' ಅಂತ ಹಾಕಿದೆ. ಎಲ್ಲಿ ನೋವು ಅನ್ನುವ ಜಾಗದಲ್ಲಿ ಅವರು ಏನು ಬರೆದಿದ್ದಾರೆ ಅಂತ ಓದಲಿಲ್ಲ. ಇನ್ನು ಮುಂದೆ ಅಂಥ ಹೆಸರಿನ ಫಾರ್ಮು ಬಂದರೆ ಅಕ್ಕನ ಫೋನಿಗೇ ಹೋಗದ ಹಾಗೂ ಮಾಡಿದೆ. ಅವಳು ಅವರಿಗೆಲ್ಲ ಫೋನ್ ಮಾಡಿ ಕಾಫಿಗೆ ಕರೆಯುವುದನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು ನನ್ನಿಂದ ಸಾಧ್ಯವಿರಲಿಲ್ಲ.

ಸಂಜೆ ಅವಳಿಗೆ ಹೇಳಿದೆ. ಅವಳು ಕೇಳಿದಳು:

"ಎಲ್ರೂ ಹಾಗೇ ಇರ್ತಾರೇನೇ? ಒಂದ್ಸಲ ಕೇಳಿಬಿಡೋದ್ರಲ್ಲಿ ಏನಿದೆ?"

"ಅಕ್ಕ, ನಿಂಗೆ ಇದೆಲ್ಲ ಗೊತ್ತಾಗಲ್ಲ. ಬಿಡು."

ಬಿಟ್ಟಳು. ಇನ್ನೂ ಫೋನ್ ಮಾಡದೆ ಉಳಿದಿದ್ದ ನಮ್ಮವರ ಫಾರ್ಮುಗಳನ್ನೂ ಬದಿಗಿಟ್ಟಳು.

ಫೆಬ್ರವರಿಯಲ್ಲಿ ಫಾರ್ಮುಗಳು ಬಹುಪಾಲು ನಿಂತೇ ಹೋದವು. ಯಂತ್ರಕ್ಕೆ ನಾನು ಬೇಡ ಎಂದದ್ದು ಅರ್ಥವಾಗಿತ್ತು, ಬೇಕು ಅನ್ನುವುದು ಏನೆಂದು ಅರ್ಥವಾಗಿರಲಿಲ್ಲ. ನಾನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ. ನೋಡುವುದು ಬಿಟ್ಟು ಮಾಡಲು ಏನೂ ಉಳಿದಿರಲಿಲ್ಲ. ಅಕ್ಕನ ಹತ್ತಿರ ಆಗ ತಪ್ಪದೆ ಬರುತ್ತಿದ್ದವರು ಹದಿನಾಲ್ಕು ಜನ, ಅವರೆಲ್ಲ ಅವಳ ಹಳೆಯ ರೋಗಿಗಳು, ಅವರು ಹೇಳಿ ಕಳಿಸಿದವರು. ಮಾರ್ಚ್ ಮುಗಿಯುವವರೆಗೂ ಹದಿನಾಲ್ಕೇ ಇತ್ತು, ಇಪ್ಪತ್ತಾಗಲಿಲ್ಲ. ಅವಳು ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಬರುತ್ತೇನೆಂದಳು. ಮಂಚಗಳನ್ನು ಯಾರೋ ತೆಗೆದುಕೊಂಡು ಹೋದರು. ಹಸಿರು ಗೋಡೆಗೆ ಮತ್ತೆ ಬಿಳಿ ಬಳಿದುಕೊಡಬೇಕು ಅಂತ ಕರಾರಿತ್ತು, ಅದನ್ನೂ ಭಾವನ ಜೊತೆ ಸೇರಿ ಅವಳೇ ಬಳಿದಳು.

ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಯುಗಾದಿ ಪಾಟ್‌ಲಕ್ ಊಟ ಒಂದು ವಾರ ತಡವಾಗಿ, ಶಾಲೆಯೊಂದರ ಹಾಲ್‌ನಲ್ಲಿ ಇತ್ತು. ಬೇಡವೆಂದರೂ ಅಕ್ಕ ನನ್ನನ್ನು ಕರೆಸಿಕೊಂಡಳು. ಅಲ್ಲಿಗೆ ಪ್ರತಿ ವರ್ಷ ಪುಳಿಯೋಗರೆ ತರುವ ಅಂಕಲ್ ಒಬ್ಬರಿದ್ದಾರೆ. ಮೈಸೂರಿನವರು, ಕಾರ್ ಕಂಪನಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನೂರು ಜನಕ್ಕಾಗುವಷ್ಟು ಅನ್ನವನ್ನು ಕೈಯಲ್ಲೇ ಕಲಸುತ್ತಾರೆ, ಸೌಟು ಹಾಕಿದರೆ ಅನ್ನ ಮುರಿಯುತ್ತದೆ ಅಂತ ಬೈಯುತ್ತಾರೆ. ಈ ಸಲ ಪುಳಿಯೋಗರೆ ಅಂಗಡಿಯ ಟ್ರೇಯಲ್ಲಿ ಬಂದಿತ್ತು. ಅಂಕಲ್ ಮೂಲೆಯ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಎಡಗೈಯಲ್ಲಿ ಚಮಚ ಹಿಡಿದು ಹೋಳಿಗೆ ಮುರಿಯಲು ಒದ್ದಾಡುತ್ತಿದ್ದರು.

ಅಕ್ಕ ನೋಡಿದವಳೇ ಹತ್ತಿರ ಹೋದಳು. "ಅಂಕಲ್, ಭುಜ ಹಿಡ್ಕೊಂಡಿದ್ಯಾ? ಎಷ್ಟು ದಿನದಿಂದ?"

"ಡಿಸೆಂಬರಿಂದಮ್ಮ. ಮೇಲೆತ್ತಕ್ಕೇ ಆಗಲ್ಲ. ನಿನ್ ಕ್ಲಿನಿಕ್ಕಿಗೇ ಬರೋಣ ಅಂತ ಫಾರ್ಮ್ ತುಂಬಿದ್ದೆ, ಎರಡ್ ಸಲ. ಫೋನ್ ಬರ್ಲಿಲ್ಲ. ಬ್ಯುಸಿ ಇರ್ತಾಳೆ ಪಾಪ, ಕ್ಲಿನಿಕ್ ಚೆನ್ನಾಗಿ ನಡೀತಿದೆ ಅಂತ ನಮಗೂ ಖುಷಿಯಾಯ್ತು. ತೊಂದ್ರೆ ಕೊಡೋದು ಬೇಡ ಅಂತ ಸುಮ್ನಾದೆ."

ನಾನು ಅಕ್ಕನ ಹಿಂದೆಯೇ ನಿಂತಿದ್ದೆ. ಅವಳು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಸಮಾಧಾನವಾಗುತ್ತಿತ್ತೇನೋ.

"ನಂದೇ ತಪ್ಪು ಅಂಕಲ್" ಅಂದಳು. "ಫೋನ್ ಮಾಡ್ಬೇಕಿತ್ತು."

ಅಲ್ಲೇ ಹಾಲ್‌ನ ಗೋಡೆಯ ಮುಂದೆ ಅವರನ್ನು ನಿಲ್ಲಿಸಿ, ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಇಂಚು ಮೇಲಕ್ಕೆ ಹತ್ತಿಸುವುದನ್ನು ಹೇಳಿಕೊಟ್ಟಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು ಬಂತು. ಅಕ್ಕ ಎಣಿಸುತ್ತಲೇ ಇದ್ದಳು, ಅವರ ಮೊಣಕೈಯನ್ನು ಅಂಗೈಯಲ್ಲಿ ಹಿಡಿದು. ಮೊದಲೇ ಶುರು ಮಾಡಿದ್ದರೆ ಇಷ್ಟು ಗಟ್ಟಿಯಾಗುತ್ತಿರಲಿಲ್ಲ ಅಂತ ನನಗೂ ತಿಳಿಯುತ್ತಿತ್ತು.

ಮನೆಗೆ ಹೋಗುವಾಗ ಕಾರು ಅವಳೇ ಓಡಿಸಿದಳು. ಹೈವೇಯಿಂದ ಇಳಿಯುವ ಎಕ್ಸಿಟ್ ಬಂದಾಗ, "ಆ ಲಿಸ್ಟ್ ಇನ್ನೂ ಇದ್ಯಾ ನಿನ್ ಹತ್ರ?" ಅಂತ ಕೇಳಿದಳು. ಇದೆ ಅಂದೆ. "ಕಳಿಸು" ಅಂದಳು.

ಸೋಮವಾರ ಆಫೀಸಿನಲ್ಲಿ ಅದನ್ನು ತೆರೆದು ಮೊದಲ ಸಲ ಪೂರ್ತಿ ಓದಿದೆ. ಆಲ್ ದ ಬೆಸ್ಟ್, ಬೆನ್ನು, ಆಲ್ ದ ಬೆಸ್ಟ್, ಗಾಡ್ ಬ್ಲೆಸ್. ನಡುವೆ ಅಂಕಲ್ ಕನ್ನಡದಲ್ಲೇ ಬರೆದಿದ್ದರು: "ಬಲಗೈ ಎತ್ತಲು ಆಗುತ್ತಿಲ್ಲ. ಬೆಳಿಗ್ಗೆ ಯಾವ ಹೊತ್ತಿಗಾದರೂ ಬರುತ್ತೇನೆ." ಪಕ್ಕದಲ್ಲಿ ನಾನು ಹಾಕಿದ್ದ 'ಸುಳ್ಳು'. ಪಟ್ಟಿಯನ್ನು ಹಾಗೇ ಅಕ್ಕನಿಗೆ ಕಳಿಸಿದೆ, ನನ್ನ ಗುರುತುಗಳನ್ನು ಅಳಿಸದೆ. ಅಷ್ಟಾದರೂ ಮಾಡಬೇಕು ಅನ್ನಿಸಿತು.

ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಊಟಕ್ಕೆ ಅರ್ಧ ಗಂಟೆ ಬಿಡುವು. ಎರಡು ವಾರ ಆ ಬಿಡುವಿನಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿದಳಂತೆ. ಕ್ಲಿನಿಕ್ ಮುಚ್ಚಿದೆ, ಆದರೂ ನೋವು ಹೇಗಿದೆ ಅಂತ ಕೇಳೋಣ ಅನ್ನಿಸಿತು ಅಂತ. ಎಲ್ಲ ಮುಗಿದ ಮೇಲೆ ನನಗೆ ಫೋನ್ ಮಾಡಿದಳು.

"ಏಳು ಜನಕ್ಕೆ ನಿಜವಾಗ್ಲೂ ನೋವಿತ್ತು ಕಣೇ."

ಹದಿನಾಲ್ಕಕ್ಕೆ ಏಳು ಸೇರಿಸಿದರೆ ಎಷ್ಟು ಅಂತ ಇಬ್ಬರಿಗೂ ಗೊತ್ತಿತ್ತು. ಅವಳೇ, "ಊಟ ಆಯ್ತಾ?" ಅಂತ ಕೇಳಿದಳು.

ಆಯ್ತು ಅಂದೆ.