ಆಣಂದದಿಂದಾಚೆ ಹದಿನಾಲ್ಕು ಕಿಲೋಮೀಟರು

ವಟ್ವಾದಿಂದ ನಾವು ಹೊರಟದ್ದು ಫೆಬ್ರವರಿಯ ಒಂದು ಗುರುವಾರ, ಬೆಳಗಿನ ಐದೂವರೆಗೆ. ಗುಜರಾತಿನ ಭೂಕಂಪವಾಗಿ ಮೂರು ವರ್ಷ ಕಳೆದಿತ್ತು. ಚರ್ಚಿನ ಅಂಗಳದಲ್ಲಿ ಅರವತ್ತು ಜನ ಸೇರಿದ್ದರು. ಹಾಸಿಗೆ ಗಂಟು, ಅಡುಗೆ ಪಾತ್ರೆಗಳನ್ನು ಹೇರಿಕೊಂಡ ಟ್ರಾಕ್ಟರು ಆಗಲೇ ಮುಂದೆ ಹೋಗಿತ್ತು. ತಲೆಗೆ ಎಂಬತ್ತು ರೂಪಾಯಿ ಕೊಟ್ಟರೆ ನಾಲ್ಕು ದಿನದ ಊಟ, ಚಹಾ, ಮಲಗಲು ಯಾವುದಾದರೂ ಶಾಲೆಯ ಜಗಲಿ. ಹೋಗಬೇಕಾದದ್ದು ಆಣಂದ ದಾಟಿ, ಹೊಲಗಳ ನಡುವಿನ ಹಳ್ಳಿಯೊಂದರಲ್ಲಿರುವ ನಿರಾಧಾರರ ಮಾತೆಯ ಗುಡಿಗೆ. ಒಟ್ಟು ಎಪ್ಪತ್ತೈದು ಕಿಲೋಮೀಟರಿನ ಹತ್ತಿರ ಎಂದು ಹೇಳಿದ್ದರು. ಬಣ್ಣದ ಕಾರ್ಖಾನೆಗಳ ಚರಂಡಿಯಲ್ಲಿ ಆವತ್ತು ನೇರಳೆ ನೀರು ಹರಿಯುತ್ತಿತ್ತು. ಅದು ನಮ್ಮ ಕಾರ್ಖಾನೆಯದಲ್ಲ ಎಂದು ಅವ್ವನಿಗೆ ಹೇಳಿದೆ.

ನಾವು ಕನಕಪುರದ ಕಡೆಯ ಹಳ್ಳಿಯ ಕ್ರೈಸ್ತರು. ಮನೆಮಾತು ಕನ್ನಡ, ಜಪ ಕನ್ನಡ, ಜಗಳವೂ ಕನ್ನಡ. ನಾನು ವಟ್ವಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದೆ. ವರ್ಷಕ್ಕೊಮ್ಮೆ ಎಂಟು ದಿನ ಊರಿಗೆ ಹೋಗುತ್ತಿದ್ದೆ, ಅದರಲ್ಲಿ ನಾಲ್ಕು ದಿನ ರೈಲಿಗೇ ಹೋಗುತ್ತಿತ್ತು. ಆ ಚಳಿಗಾಲ ಮೊದಲ ಸಲ ಅವ್ವನೇ ಒಂದು ತಿಂಗಳ ಮಟ್ಟಿಗೆ ನನ್ನ ಬಳಿ ಬಂದಳು. ಹೆಸರು ಆರೋಗ್ಯಮ್ಮ, ವಯಸ್ಸು ಅರವತ್ತೊಂದು, ಎಡಗಾಲಿನ ಮಂಡಿ ಸ್ವಲ್ಪ ಸೋತದ್ದು. ಮಾತೆಯ ಗುಡಿಗೆ ಜನ ನಡೆದು ಹೋಗುತ್ತಾರೆಂದು ಚರ್ಚಿನಲ್ಲಿ ಕೇಳಿದ್ದೇ ತಡ, ತಾನೂ ನಡೆಯುವವಳೇ ಎಂದು ಕುಳಿತಳು.

ಅಷ್ಟಕ್ಕೇ ಮುಗಿದಿದ್ದರೆ ಈ ಪ್ರವಾಸವನ್ನು ನಾನು ಸಂತೋಷದಿಂದ ಬರೆಯುತ್ತಿದ್ದೆ. ಆದರೆ ನನ್ನ ರೂಮಿನಲ್ಲಿ ಇನ್ನೊಬ್ಬನಿದ್ದ. ಶಿವಾನಂದ, ನವಲಗುಂದದವನು, ನೂಲಿನ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ನನಗೆ ಪಾಳಿಯ ಕೆಲಸ, ಅವನಿಗೆ ಹಗಲಿನ ಕೆಲಸ ಮಾತ್ರ. ಹಾಗಾಗಿ ಅವ್ವನಿಗೆ ತರಕಾರಿ ಮಾರ್ಕೆಟ್ ತೋರಿಸಿದವನು ಅವನು, ಕಾಂಕರಿಯಾ ಕೆರೆಗೆ ಕರೆದುಕೊಂಡು ಹೋದವನು ಅವನು, ಸೀಮೆಎಣ್ಣೆ ಸ್ಟೋವಿನ ಮೇಲೆ ರಾಗಿಮುದ್ದೆ ತಿರುವುವಾಗ ಪಾತ್ರೆ ಗಟ್ಟಿಯಾಗಿ ಹಿಡಿದುಕೊಂಡವನೂ ಅವನೇ. ಅವನೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. ಅವರ ಕಡೆ ಎಲ್ಲ ಹಿರಿಯ ಹೆಂಗಸರನ್ನೂ ಹಾಗೆಯೇ ಕರೆಯುತ್ತಾರೆಂದು ನನಗೆ ಗೊತ್ತಿತ್ತು, ಆದರೂ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ನಡಿಗೆಯ ವಿಷಯ ಬಂದಾಗ ತಾನೂ ಬರುತ್ತೇನೆಂದ. ಅವನ ಅಜ್ಜ ಪ್ರತಿ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದರಂತೆ, ಇವನೂ ಎರಡು ಸಲ ಹೋಗಿದ್ದನಂತೆ. ಅವ್ವ ನನ್ನನ್ನು ಕೇಳದೆಯೇ ಒಪ್ಪಿಬಿಟ್ಟಳು.

ನಡಿಗೆಯ ಮುಂದಾಳು ಜೋಸೆಫ್‌ಭಾಯಿ ಎಂಬ ನಿವೃತ್ತ ಮೇಷ್ಟರು. ಪ್ರತಿ ಹಿರಿಯರಿಗೂ ಒಬ್ಬ ಗಟ್ಟಿಮುಟ್ಟಾದವರನ್ನು ಜೋಡಿ ಮಾಡುವುದು ಅವರ ಪದ್ಧತಿ. ಜೋಡಿ ಬೀಳಿಸಿದ ಮೇಲೆ ಕೊನೆಯವರೆಗೂ ಬದಲಾಯಿಸುವುದಿಲ್ಲ, ದಾರಿಯಲ್ಲಿ ಯಾರೂ ತಪ್ಪಿಹೋಗಬಾರದೆಂದು. ಅವ್ವನ ಹೆಸರು ಬಂದಾಗ ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ನನ್ನ ಬೂಟು ನೋಡಿದರು, ಶಿವುವಿನ ಬರಿಗಾಲು ನೋಡಿದರು, ಅವ್ವನ ಕೈಯನ್ನು ಅವನ ಕೈಗೆ ಕೊಟ್ಟರು. ಲ್ಯಾಬಿನಲ್ಲಿ ಕೆಲಸ ಮಾಡುವವನು, ಯಂತ್ರ ತಿಳಿಯುತ್ತದೆ ಎಂದು ಹೇಳಿ ನನಗೆ ಒಂದು ಸೈಕಲ್ ಒಪ್ಪಿಸಿದರು. ಅದರ ಕ್ಯಾರಿಯರ್ ಮೇಲೆ ಕಾರಿನ ಬ್ಯಾಟರಿ, ಹ್ಯಾಂಡಲ್ಲಿಗೆ ಕಟ್ಟಿದ ಲೌಡ್‌ಸ್ಪೀಕರಿನ ಹಾರ್ನು. ಜಪ ಹೇಳಿಸುವವರ ಜೊತೆ ಸಾಲಿನ ತುದಿಯಲ್ಲಿ ಅದನ್ನು ತಳ್ಳಿಕೊಂಡು ಹೋಗುವುದು ನನ್ನ ಕೆಲಸ. ಅವ್ವ ಸಾಲಿನ ಹಿಂದೆ, ನಾನು ಮುಂದೆ, ನಡುವೆ ಐವತ್ತೆಂಟು ಜನ.

ಮೊದಲ ದಿನ ಗೇರತ್‌ಪುರ, ಬಾರೇಜಡಿ ದಾಟಿ ಮೆಹಮದಾಬಾದಿನವರೆಗೆ ಇಪ್ಪತ್ತೆರಡು ಕಿಲೋಮೀಟರು. ದಾರಿಯುದ್ದಕ್ಕೂ ಪಕ್ಕದಲ್ಲಿ ರೈಲುಹಳಿ, ಗೋಧಿ ಹೊಲ, ಆಳೆತ್ತರದ ಹರಳು ಗಿಡ. ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ, ಹನ್ನೊಂದಕ್ಕೆಲ್ಲ ನೆತ್ತಿ ಸುಡುವ ಬಿಸಿಲು. ಹಳ್ಳಿಯವರು ನಮ್ಮನ್ನು ಕಂಡ ತಕ್ಷಣ ಮಂಚ ಹೊರಗೆಳೆದು ಕೂರಲು ಹೇಳುತ್ತಿದ್ದರು. ಗುಜರಾತಿನಲ್ಲಿ ಕಾಲ್ನಡಿಗೆಯಲ್ಲಿ ಹೋಗುವವರಿಗೆ ನೀರು, ಚಹಾ ಕೊಡುವುದು ಪುಣ್ಯದ ಕೆಲಸ. ಯಾವ ಮಾತೆಯ ಬಳಿಗೆ ಎಂದು ಯಾರೂ ಕೇಳಲಿಲ್ಲ. ‘ಜಯ್ ಮಾತಾಜಿ’ ಎಂದರು, ನಮ್ಮವರೂ ‘ಜಯ್ ಮಾತಾಜಿ’ ಎಂದು ಸಾಸರಿನಲ್ಲಿ ಚಹಾ ಹೀರಿದರು. ನಾನು ಚಹಾ ಕುಡಿಯುತ್ತಲೇ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಅವ್ವ ನಗುತ್ತಿದ್ದಳು. ಅಷ್ಟು ದೂರಕ್ಕೆ ಏನು ಮಾತೆಂದು ಕೇಳಿಸುತ್ತಿರಲಿಲ್ಲ.

ಸಂಜೆ ಶಾಲೆಯ ಜಗಲಿ ತಲುಪಿದಾಗ ಅವ್ವನ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿತ್ತು. ನಾನು ಔಷಧಿ ಡಬ್ಬಿ ತರಲು ಟ್ರಾಕ್ಟರಿನ ಕಡೆ ಓಡಿದೆ. ಬರುವಷ್ಟರಲ್ಲಿ ಶಿವು ಸೂಜಿಗೆ ದಾರ ಪೋಣಿಸಿ ಗುಳ್ಳೆಯ ಈ ಕಡೆಯಿಂದ ಆ ಕಡೆಗೆ ಎಳೆದು, ದಾರವನ್ನು ಒಳಗೇ ಬಿಟ್ಟು ತುದಿ ಕತ್ತರಿಸುತ್ತಿದ್ದ. ನೀರೆಲ್ಲ ದಾರ ಹಿಡಿದು ಇಳಿಯುತ್ತದೆ, ಚರ್ಮ ಕೀಳುವುದಿಲ್ಲ, ಶ್ರೀಶೈಲದ ದಾರಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂದ. ಆಮೇಲೆ ಹರಳೆಣ್ಣೆ ಹಚ್ಚಿ ಅವಳ ಪಾದ ತಿಕ್ಕಿದ. ಅವ್ವ ಸಂಕೋಚದಿಂದ ಕಾಲು ಎಳೆದುಕೊಂಡಳು.

“ನಡಿಯೋರ ಕಾಲು ಒತ್ತೂದು ನಮ್ಮ ಕಡೆ ಪದ್ಧತಿ ಐತ್ರಿ ಅವ್ವಾರ,” ಎಂದ ಶಿವು, “ಕಾಲು ಯಾರ್ದಂತ ಕೇಳೂದಿಲ್ಲ.”

ಪಕ್ಕದಲ್ಲಿದ್ದ ಗುಜರಾತಿ ಅಜ್ಜಿಯರೂ ಕಾಲು ಚಾಚಿದರು. ಅವರ ಗುಳ್ಳೆಗಳಿಗೂ ದಾರ ಬಿತ್ತು. ಜೋಸೆಫ್‌ಭಾಯಿ ಬಂದು ನೋಡಿ ಅವನ ಬೆನ್ನು ತಟ್ಟಿದರು. ನಾನು ಔಷಧಿ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಹುಟ್ಟಿದ ಎಂಟನೆಯ ದಿನಕ್ಕೆ ತಲೆಯ ಮೇಲೆ ಜ್ಞಾನಸ್ನಾನದ ತೀರ್ಥ ಬಿದ್ದವನು ನಾನು. ನಮ್ಮ ಯಾತ್ರೆಯಲ್ಲಿ ನನಗಿಂತ ಒಳ್ಳೆಯ ಯಾತ್ರಿಕನಾಗುವುದಕ್ಕೆ ಇವನಿಗೆ ಏನು ಹಕ್ಕು ಎಂದು ಅನ್ನಿಸಿತು. ಹೊಟ್ಟೆಕಿಚ್ಚು ಎಂಬುದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ, ಅದು ಹೊಟ್ಟೆಕಿಚ್ಚೇ.

ಎರಡನೆಯ ದಿನ ವಾತ್ರಕ್ ನದಿ ದಾಟಿ ನಡಿಯಾದಿಗೆ ಬಂದೆವು, ಇಪ್ಪತ್ತು ಕಿಲೋಮೀಟರು. ನದಿಯಲ್ಲಿ ನೀರಿಗಿಂತ ಮರಳು ಜಾಸ್ತಿ. ಮಧ್ಯಾಹ್ನ ಖಿಚಡಿ, ಮಜ್ಜಿಗೆಯ ಕಢಿ, ಒಂದು ಹಸಿಮೆಣಸಿನಕಾಯಿ. ಕಢಿ ಸಿಹಿ ಎಂದು ಅವ್ವ ಮುಖ ಸಿಂಡರಿಸಿದಾಗ ಶಿವು ಜೇಬಿನಿಂದ ಶೇಂಗಾ ಚಟ್ನಿಯ ಪೊಟ್ಟಣ ತೆಗೆದ. ಅದೂ ಅವನ ಜೇಬಿನಲ್ಲಿ ಇರಬೇಕೆ? ಊಟವಾದ ಮೇಲೆ ಅವನು ನನ್ನ ಪಕ್ಕ ಬಂದು ಕುಳಿತು, ನಿಮ್ಮವ್ವ ಭಾರಿ ಗಟ್ಟಿಗಿತ್ತಿ ಎಂದ. ಹನ್ನೊಂದನೆಯ ವಯಸ್ಸಿನಲ್ಲಿ ಬೋರ್ಡಿಂಗ್ ಶಾಲೆಯಿಂದ ತಪ್ಪಿಸಿಕೊಂಡು, ಹದಿಮೂರು ಮೈಲಿ ಒಬ್ಬಳೇ ನಡೆದು ಮನೆ ಸೇರಿದ್ದಳಂತೆ. ಬೆನ್ನ ಮೇಲೆ ಬಾಸುಂಡೆ ಬರುವಂತೆ ಹೊಡೆದ ನನ್ನ ಅಜ್ಜ, ಹೊಡೆದ ಮೇಲೆ ತಾನೇ ಅತ್ತನಂತೆ. ನನಗೆ ಮೂವತ್ತೊಂದು ವರ್ಷ. ಈ ಕಥೆಯನ್ನು ಅವ್ವ ನನಗೆ ಒಂದು ದಿನವೂ ಹೇಳಿರಲಿಲ್ಲ. ಗೊತ್ತಿರುವವನ ಹಾಗೆ ತಲೆಯಾಡಿಸಿದೆ.

ಮೂರನೆಯ ದಿನ ಉತ್ತರಸಂಡಾದ ಮೇಲೆ ಹಾದುಹೋದೆವು. ಅಲ್ಲಿ ಊರಿಗೆ ಊರೇ ಹಪ್ಪಳ ಒಣಹಾಕಿತ್ತು. ಅದರಾಚೆ ಕೊಯ್ದ ಹೊಗೆಸೊಪ್ಪಿನ ಘಾಟು, ಅರವತ್ತು ಜನರೂ ಸರದಿಯ ಮೇಲೆ ಸೀನಿದರು. ಆಲೂಗಡ್ಡೆ ಅಗೆಯುತ್ತಿದ್ದ ಹೆಂಗಸರು ಅವ್ವನ ಕಡೆ ಕೈ ತೋರಿಸಿ ಏನೋ ಕೇಳಿದರು. ಶಿವು ನಕ್ಕು ಹೌದೆಂದ. ಅವರು ಕೇಳಿದ್ದು ಮಗನೋ ಎಂದು. ನಾನು ಆ ಹೊತ್ತಿಗೆ ಬ್ಯಾಟರಿಯ ತಂತಿ ಸರಿಮಾಡಲು ಹಿಂದೆ ಉಳಿದಿದ್ದೆ, ಆದ್ದರಿಂದ ನನ್ನ ಕಿವಿಯಿಂದಲೇ ಕೇಳಿದೆ. ಇಡೀ ನಡಿಗೆಯಲ್ಲಿ ಯಾವ ಗುಳ್ಳೆಯೂ ನನಗೆ ಅಷ್ಟು ನೋಯಲಿಲ್ಲ.

ಆಣಂದ ತಲುಪಿದಾಗ ನಾಲ್ಕು ಗಂಟೆ. ವಡೋದರಾ, ಸೂರತ್‌ಗಳಿಂದ ನಡೆದು ಬಂದ ಇನ್ನೆರಡು ಗುಂಪುಗಳು ಆಗಲೇ ಅಲ್ಲಿದ್ದವು. ಅವ್ವ ಸ್ನಾನಕ್ಕೆ ಹೋಗಿದ್ದಳು. ಶಿವುವನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, ಮೂರು ಗಂಟೆಗಳಿಂದ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಸುಳ್ಳನ್ನು ಹೇಳಿದೆ.

“ನಾಳೆ ಗುಡಿಯೊಳಗೆ ನಮ್ಮೋರನ್ನ ಮಾತ್ರ ಬಿಡ್ತಾರಂತೆ ಕಣೋ. ಕಾಲ ಸರಿ ಇಲ್ಲ, ಹೆಸರು ಕೇಳ್ತಾರೆ. ಬಾಗಿಲಲ್ಲಿ ನಿನ್ನ ನಿಲ್ಲಿಸಿದ್ರೆ ಅವ್ವ ನೊಂದ್ಕೋತಾಳೆ.”

ಶಿವು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಾಗಾದರೆ ತಾನು ಹೊರಡುತ್ತೇನೆ, ಅವ್ವನಿಗೆ ನೀನೇ ಹೇಳು ಎಂದ. ಹೆಗಲಿಗೆ ಚೀಲ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದ. ರೂಮಿಗೆ ಹತ್ತಿರದ ಮಣಿನಗರದವರೆಗೆ ಪ್ಯಾಸೆಂಜರ್ ರೈಲಿತ್ತು. ಅವ್ವ ಬಂದು ಕೇಳಿದಾಗ ಅದೇ ಮಾತನ್ನು ಅವಳಿಗೂ ಹೇಳಿದೆ. ಅವಳು ಒದ್ದೆ ಸೀರೆ ಹಿಂಡುವುದನ್ನು ನಿಲ್ಲಿಸಿ, ಮೂರು ದಿನ ನಡೆದ ಮಗುವನ್ನು ಬಾಗಿಲಲ್ಲಿ ತಡೆಯುತ್ತಾರೆಯೇ, ಇದೆಂಥ ನ್ಯಾಯ ಎಂದಳು. ನನಗೂ ಬೇಜಾರು ಎಂದೆ.

ಭಾನುವಾರ ಬೆಳಿಗ್ಗೆ ಜೋಸೆಫ್‌ಭಾಯಿಯವರಿಗೆ ಬೇರೆ ದಾರಿ ಇರಲಿಲ್ಲ. ಸೈಕಲ್ಲನ್ನು ಸೂರತ್ತಿನ ಒಬ್ಬರಿಗೆ ಕೊಟ್ಟು ನನ್ನನ್ನು ಅವ್ವನ ಜೋಡಿ ಮಾಡಿದರು. ಆಣಂದದಿಂದ ಗುಡಿಗೆ ಹದಿನಾಲ್ಕು ಕಿಲೋಮೀಟರು. ಊರು ದಾಟಿದ ಮೇಲೆ ಬಾಳೆತೋಟ, ಸಾಸಿವೆ ಹೊಲ, ದಾರಿಯ ಜೊತೆಗೇ ಬರುವ ಕಾಲುವೆ. ಹಾಲಿನ ಡೇರಿಯ ಮುಂದೆ ಹೆಂಗಸರು ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಎರಡನೆಯ ಕಿಲೋಮೀಟರಿನಲ್ಲಿ ಅವ್ವ ನನ್ನ ಮೊಣಕೈ ಹಿಡಿದಳು. ಐದನೆಯದರಲ್ಲಿ ಭಾರವನ್ನೆಲ್ಲ ಬಿಟ್ಟಳು. ಕಾಲುವೆಯ ಏರಿಯ ಮೇಲೆ ಕುಳಿತು ಬೋರ್ಡಿಂಗಿನ ಕಥೆ ಕೇಳಿದೆ. ಮೊದಲ ಸಲ ಕೇಳುವವನಂತೆ ಕೇಳಿದೆ, ಅವಳೂ ಮೊದಲ ಸಲ ಹೇಳುವವಳಂತೆ ಹೇಳಿದಳು. ಅಜ್ಜ ಅತ್ತ ಕಡೆಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಷ್ಟು ಸುಖವಾಗಿ ಎಂದೂ ನಡೆದಿರಲಿಲ್ಲ. ಮಾಡಿದ್ದು ತಪ್ಪೆಂದು ಗೊತ್ತಿತ್ತು, ಆದರೂ ದಾರಿ ಇನ್ನೂ ಹತ್ತು ಕಿಲೋಮೀಟರು ಉದ್ದವಿರಲಿ ಎಂದು ಬೇಡಿಕೊಂಡೆ.

ಗುಡಿಯ ಹಳ್ಳಿ ತಲುಪಿದಾಗ ಹನ್ನೊಂದೂವರೆ. ದೂಳು, ಬಸ್ಸು, ಟ್ರಾಕ್ಟರು, ಮೇಣದಬತ್ತಿ ಮಾರುವವರು, ಕಬ್ಬಿನಹಾಲಿನ ಗಾಡಿ. ಅವ್ವ ನನ್ನ ಮೊಣಕೈ ಹಿಡಿದುಕೊಂಡೇ ಗೇಟಿನವರೆಗೆ ಬಂದು ನಿಂತಳು. ಅವಳ ಮುಂದಿನಿಂದಲೇ ಬೈತಲೆಗೆ ಸಿಂಧೂರ ಹಚ್ಚಿದ ಹೆಂಗಸೊಬ್ಬಳು ತೆಂಗಿನಕಾಯಿ ಹಿಡಿದು ಒಳಗೆ ಹೋದಳು. ಅವಳ ಹಿಂದೆ ಕೆಂಪು ಪೇಟದ ಮುದುಕ, ಹಣೆಯ ಮೇಲೆ ತಿಲಕ. ಅವನ ಹಿಂದೆ ಒಂದು ಇಡೀ ಸಂಸಾರ, ಎಲ್ಲರ ಮಣಿಕಟ್ಟಿನಲ್ಲೂ ಕೆಂಪು ದಾರ. ಗೇಟಿನಲ್ಲಿ ಯಾರೂ ಹೆಸರು ಕೇಳಲಿಲ್ಲ. ಕೇಳುವುದಕ್ಕೆ ಅಲ್ಲಿ ಯಾರೂ ಇರಲೇ ಇಲ್ಲ.

“ಇವ್ರೆಲ್ಲ ನಮ್ಮೋರೇನ್ಲಾ?” ಅವ್ವ ಕೇಳಿದಳು.

ಅವಳು ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗ ನೋಡುತ್ತಿದ್ದಳಲ್ಲ, ಹಾಗಲ್ಲ. ಗುರುತಿಲ್ಲದವನನ್ನು ನೋಡುವ ಹಾಗೆ ನೋಡಿದಳು. ನನ್ನ ಮೊಣಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

“ಅವನ್ನ ಎಲ್ಲಿ ತಡೀತಾರೆ ಅಂದ್ಯೋ ನೀನೂ ಅಲ್ಲೀಗಂಟವೇ. ಇಲ್ಲೇ ಕುಂತಿರು.”

ಒಬ್ಬಳೇ ಒಳಗೆ ಹೋದಳು. ಎಡಗಾಲು ಎಳೆಯುತ್ತಿತ್ತು. ಯಾರೋ ಹೆಂಗಸು ಕೈ ಚಾಚಿದಳು, ಬೇಡವೆಂದಳು. ನಾನು ಕಬ್ಬಿನಹಾಲಿನ ಗಾಡಿಯ ಪಕ್ಕದ ಕಲ್ಲಿನ ಮೇಲೆ ಒಂದೂವರೆ ಗಂಟೆ ಕುಳಿತೆ. ಜೋಸೆಫ್‌ಭಾಯಿ ಎರಡು ಸಲ ಬಂದು ಕರೆದರು, ಕಾಲು ನೋವೆಂದೆ. ಒಳಗಿನಿಂದ ಹಾಡು ಕೇಳುತ್ತಿತ್ತು. ಗುಡಿಯೊಳಗೆ ಹೇಗಿದೆ, ಮಾತೆಯ ಮುಖ ಹೇಗಿದೆ ಎಂದು ಓದುವವರಿಗೆ ತಿಳಿಸುವುದು ಪ್ರವಾಸ ಬರೆಯುವವನ ಕರ್ತವ್ಯ. ನನಗೆ ಗೊತ್ತಿಲ್ಲ. ಎಪ್ಪತ್ತೈದು ಕಿಲೋಮೀಟರು ನಡೆದು ನಾನು ನೋಡಿದ್ದು ಗೇಟು ಮಾತ್ರ.

ಹಿಂದಿರುಗುವಾಗ ಆಣಂದಕ್ಕೆ ಸರ್ಕಾರಿ ಎಸ್.ಟಿ. ಬಸ್ಸು, ಅಲ್ಲಿಂದ ಮಣಿನಗರಕ್ಕೆ ರೈಲು. ಮೂರು ದಿನ ನಡೆದ ದಾರಿಯನ್ನು ರೈಲು ಒಂದೂವರೆ ಗಂಟೆಯಲ್ಲಿ ಮುಗಿಸಿತು. ನಮ್ಮ ಹಪ್ಪಳ, ನಮ್ಮ ನದಿ, ನಮ್ಮ ಹರಳು ಹೊಲ ಎಲ್ಲ ಕಿಟಕಿಯಲ್ಲಿ ಹಿಂದುಮುಂದಾಗಿ ಓಡಿಹೋದವು. ಅವ್ವ ಕಿಟಕಿಯ ಸರಳಿಗೆ ತಲೆಯಾನಿಸಿ ಮಲಗಿದಳು. ನನ್ನ ಭುಜ ಪಕ್ಕದಲ್ಲೇ ಇತ್ತು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರೂಮಿನ ಬಾಗಿಲು ತೆಗೆದವನು ಶಿವು. ಅನ್ನಕ್ಕಿಟ್ಟಿದ್ದ. ಅವ್ವ ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು, ಯೋಳ್ಲಾ ಅವನ್ಗೆ ಎಂದಳು. ನಾನು ಹೇಳಿದೆ. ಯಾರನ್ನೂ ತಡೆಯುವುದಿಲ್ಲ, ಅದು ನಾನೇ ಕಟ್ಟಿದ ಸುಳ್ಳು ಎಂದೆ. ಹೊಟ್ಟೆಕಿಚ್ಚಿನಿಂದ ಹೇಳಿದೆ ಎಂದೂ ಸೇರಿಸಿದೆ, ಅವ್ವ ನೋಡುತ್ತಲೇ ಇದ್ದಳಲ್ಲ.

“ಗೊತ್ತಿತ್ತಲೇ,” ಎಂದ ಶಿವು. “ಮೊದಲ್ನೇ ದಿನಾನ ಚಾ ಕೊಟ್ಟ ಪಟೇಲರ ಮುದುಕಿ ಹೇಳಿದ್ಳು, ಪ್ರತಿ ವರ್ಷಾ ತಾನೂ ಅಲ್ಲಿಗೆ ಹೋಗಿ ಕಾಯಿ ಒಡಿಸ್ಕೊಂಡು ಬರ್ತೀನಂತ.”

ಮತ್ತೆ ಯಾಕೆ ಹೋದೆ ಎಂದು ಕೇಳಿದೆ. ಅವನು ಒಲೆಯ ಕಡೆ ತಿರುಗಿ ಅನ್ನದ ಮುಚ್ಚಳ ತೆಗೆದು ನೋಡಿದ.

“ಮೂರು ದಿನ ನೀ ತಿರುಗಿ ತಿರುಗಿ ನೋಡಾಕತ್ತಿದ್ದಿ. ನಿಮ್ಮವ್ವನ ಕೈ ಒಂದಿನಾರ ನಿನಗ ಸಿಗಲಿ ಅಂತ ಹೋದೆ.”

ಅವ್ವ ಒಳಗೆ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಬಾಯಲ್ಲಿ ಏನೋ ಜಪ ಹೇಳಿಕೊಂಡಳು. ನಾನು ಬೂಟು ಬಿಚ್ಚುವ ನೆಪದಲ್ಲಿ ಹೊಸ್ತಿಲ ಹೊರಗೇ ಬಗ್ಗಿದ್ದೆ. ಕಾಲುವೆಯ ಏರಿ, ಬೋರ್ಡಿಂಗಿನ ಕಥೆ, ನನ್ನ ಮೊಣಕೈಯ ಮೇಲೆ ಬಿದ್ದ ಅವ್ವನ ಭಾರ, ಇಡೀ ಪ್ರವಾಸದಲ್ಲಿ ನನ್ನದೆಂದು ಇದ್ದದ್ದು ಅಷ್ಟೇ. ಅದನ್ನೂ ಅವನೇ ಕೊಟ್ಟಿದ್ದ. ಅಷ್ಟು ದೊಡ್ಡ ಮನಸ್ಸು ನನಗಿಲ್ಲದೆ ಅವನಿಗೇ ಯಾಕೆ ಇರಬೇಕು ಎಂದು, ಅಲ್ಲಿ ಬಗ್ಗಿ ನಿಂತಿದ್ದಾಗಲೂ, ನನ್ನ ಹೊಟ್ಟೆ ಉರಿಯುತ್ತಿತ್ತು.