ಕಲ್ಲೇಶಪ್ಪನ ಭಾನುವಾರದ ಮೌನ

ಅಜ್ಜಂಪುರದ ಕಲ್ಲೇಶಪ್ಪ ಲಕ್ವ ಹೊಡೆದವರಿಗೆ ಒಂದೆಲಗದ ಔಷಧಿ ಕೊಡುವವರು. ಅದಕ್ಕೊಂದು ಕಟ್ಟುನಿಟ್ಟುಂಟು: ಭಾನುವಾರ ಬೆಳಿಗ್ಗೆ ಸೊಪ್ಪು ಕಿತ್ತು ತಂದು, ಅರೆದು ಮುಗಿಸುವವರೆಗೆ ಮಾತಾಡಬಾರದು. ಆಡಿದರೆ ಔಷಧಿಯ ಗುಣ ಹೋಯಿತು ಅಂತ ಅವರಪ್ಪ ಹೇಳಿಕೊಟ್ಟದ್ದು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ.

ತಪ್ಪಿಸಿಯೇ ತೀರುತ್ತೇನೆಂದು ಹಟ ತೊಟ್ಟವನು ಗೆಳೆಯ ಕರಿಯಣ್ಣ. ಕೆರೆ ದಾರಿಯ ಕಟ್ಟೆ ಮೇಲೆ ಕೂತು ಕಾಯುವುದೇ ಅವನ ಭಾನುವಾರದ ಕಸುಬು. ಕಾಲ ಹತ್ತಿರ ಹಾವು ಅಂತ ಕೂಗಿದ್ದ, ನಿಮ್ಮ ಎಮ್ಮೆ ರೈಲಿಗೆ ಸಿಕ್ಕಿತು ಅಂದಿದ್ದ, ಬಾಯಿ ಸೊಟ್ಟ ಮಾಡಿಕೊಂಡು ತನಗೇ ಲಕ್ವ ಹೊಡೆದಂತೆ ನಟಿಸಿಯೂ ಆಗಿತ್ತು. ಕಲ್ಲೇಶಪ್ಪ ತುಟಿಪಿಟಕ್ಕೆಂದಿರಲಿಲ್ಲ.

ಮಗಳು ಅಶ್ವಿನಿ ಮೈಸೂರಿನ ಒಂದು ಲ್ಯಾಬಿನಲ್ಲಿ ಅದೇ ಒಂದೆಲಗದ ಸಾರ ಮಿದುಳನ್ನು ಕಾಪಾಡುತ್ತದೆಯೇ ಎಂದು ಇಲಿಗಳ ಮೇಲೆ ನೋಡುತ್ತಿದ್ದಾಳೆ.

"ಇಲಿಗೆ ಏನೋ ಗುಣ ಕಾಣ್ತೈತೆ ಅಪ್ಪಾಜಿ, ಮನುಷ್ಯರ ಮಾತು ಇನ್ನೂ ದೂರ. ಲಕ್ವ ಹೊಡೀತಿದ್ದಂಗೆ ಮೊದ್ಲು ಆಸ್ಪತ್ರೆ. ನಾಲ್ಕೂವರೆ ಗಂಟೆ ಒಳಗೆ ಹೆಪ್ಪುಗಟ್ಟಿದ ರಕ್ತ ಕರಗ್ಸೋ ಇಂಜೆಕ್ಷನ್ ಬೀಳ್ಬೇಕು. ನಿಮ್ ಸೊಪ್ಪೆಲ್ಲ ಆಮೇಲೆ" ಅಂದಿದ್ದಳು.

"ಇಲಿ ಡಾಕ್ಟ್ರಮ್ಮ ಹೇಳಿದ್ಮೇಲೆ ಮುಗೀತು ಬಿಡು" ಎಂದು ಕಲ್ಲೇಶಪ್ಪ ನಕ್ಕಿದ್ದರು.

ಹೋದ ಭಾನುವಾರ ಏಳು ಗಂಟೆಗೆ ಸೊಪ್ಪಿಗೆ ಹೋಗುವಾಗ ಕರಿಯಣ್ಣ ಎಂದಿನಂತೆ ಕಿಚಾಯಿಸಿದ. ಬುಟ್ಟಿ ಹಿಡಿದು ವಾಪಸು ಬರುವಾಗ ಬಾಯಿ ಸೊಟ್ಟ ಮಾಡಿ ಏನೋ ತೊದಲಿದ. ಹಳೇ ನಾಟಕ ಅಂದುಕೊಂಡು ಕಲ್ಲೇಶಪ್ಪ ಹತ್ತು ಹೆಜ್ಜೆ ಮುಂದೆ ಹೋದರು. ಹಿಂದಿನಿಂದ ನಗು ಕೇಳಿಸಲಿಲ್ಲ. ತಿರುಗಿ ನೋಡಿದರೆ ಬೀಡಿ ಕೈಜಾರಿ ಪಂಚೆ ಸುಡುತ್ತಿದೆ, ಆಸಾಮಿಗೆ ಅದರ ಪರಿವೆಯೇ ಇಲ್ಲ.

ಕಲ್ಲೇಶಪ್ಪ ಓಡಿ ವಾಪಸು ಬಂದರು. ಬುಟ್ಟಿಯಲ್ಲಿ ಔಷಧಿ ಇದೆ, ಮನೆಗೆ ಹೋಗಿ ಅರೆದರೆ ಅರ್ಧ ಗಂಟೆ. ಆದರೆ ಕಿವಿಯಲ್ಲಿ ಮಗಳ ಮಾತು.

"ಲೇ ಕರಿಯ, ಬಲಗೈ ಎತ್ತೋ."

ಕೈ ಏಳಲಿಲ್ಲ. ಕಲ್ಲೇಶಪ್ಪ ಬೀಡಿ ಕೊಡವಿ, ಬುಟ್ಟಿ ಅಲ್ಲೇ ಬಿಸಾಕಿ, ದಾರಿಯಲ್ಲಿ ಬರುತ್ತಿದ್ದ ಕಾರಿಗೆ ಅಡ್ಡ ನಿಂತರು. ಶಿವಮೊಗ್ಗ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ. ಡ್ರೈವರಿಗೆ ಅವಸರ, ಕರಿಯಣ್ಣನಿಗೆ ಧೈರ್ಯ, ದಾರಿಯ ಉಬ್ಬಿಗೆಲ್ಲ ಬೈಗುಳ. ಎಷ್ಟು ಹೊತ್ತಿನವರೆಗೆ ಸರಿಯಿದ್ದರು ಎಂದು ಡಾಕ್ಟರು ಕೇಳಿದಾಗಲೂ ಉತ್ತರ ಸಿದ್ಧವಿತ್ತು.

"ಏಳು ಗಂಟೇಲಿ ನನ್ನ ಚೆನ್ನಾಗಿ ಆಡ್ಕೊಂಡ ಕಣ್ರೀ."

ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿತ್ತು. ನಾಲ್ಕನೇ ದಿನ ಕರಿಯಣ್ಣನ ಬಾಯಿ ನೇರವಾಯಿತು. ಮಂಚದ ಪಕ್ಕ ಕೂತಿದ್ದ ಗೆಳೆಯನನ್ನು ನೋಡಿ ನಿಧಾನಕ್ಕೆ ಹೇಳಿದ:

"ಮೂವತ್ತು ವರ್ಷ ಹಿಡೀತು ಕಣೋ ಕಲ್ಲೇಶಿ. ಅಂತೂ ಮಾತಾಡಿಸ್ಬಿಟ್ಟೆ."

ಚೆನ್ನಾಗಿ ಬೈಯಬೇಕೆಂದು ಕಲ್ಲೇಶಪ್ಪ ಬಾಯಿ ತೆರೆದರು. ಒಂದು ಮಾತೂ ಹೊರಡಲಿಲ್ಲ.